ಕಲ್ಯಾಣದ ಕೈಪಿಡಿಗಳು: ಬರೆದದ್ದೆಷ್ಟು, ಬಿಟ್ಟದ್ದೆಷ್ಟು?

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಈಶ್ವರ ದೇವಾಲಯವೊಂದಿದೆ. ಅದರ ಹೊರಗೋಡೆಯ ಮದನಿಕೆಯರ ಸಾಲಿನಲ್ಲಿ ಒಬ್ಬಳು ಉಳಿದವರಿಗಿಂತ ಬೇರೆ. ಅವಳು ಸಿಂಗರಿಸಿಕೊಳ್ಳುತ್ತಿಲ್ಲ, ಕುಣಿಯುತ್ತಲೂ ಇಲ್ಲ. ಕೈಯೆತ್ತಿ ಫಲಕವೊಂದರ ಮೇಲೆ ಬರೆಯುತ್ತಿದ್ದಾಳೆ. ಅಕ್ಷರಗಳನ್ನು ಇಂದಿಗೂ ಓದಬಹುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕವದು. ಶಾಸನಸುಂದರಿ ಎಂದೇ ಈ ಶಿಲ್ಪಕ್ಕೆ ಹೆಸರು.

ಅವಳು ಹೊಗಳುತ್ತಿರುವ ದೊರೆ 1076ರಿಂದ 1126ರವರೆಗೆ ಆಳಿದವನು. ಅವನ ರಾಜಧಾನಿ ಕಲ್ಯಾಣ, ಅಂದರೆ ಹುಮನಾಬಾದಿನ ನೆರೆಯ ಇಂದಿನ ಬಸವಕಲ್ಯಾಣ. ಅವನ ಮಗ ಮೂರನೆಯ ಸೋಮೇಶ್ವರ ಪಟ್ಟಕ್ಕೆ ಬಂದ ಮೇಲೆ ಬರೆದದ್ದು, ಇಲ್ಲವೇ ಆಸ್ಥಾನದ ವಿದ್ವಾಂಸರ ನೆರವಿನಿಂದ ಬರೆಸಿದ್ದು, ಹೊಗಳಿಕೆಯ ಶ್ಲೋಕಗಳನ್ನಷ್ಟೇ ಅಲ್ಲ. ಉದ್ದಿನ ಹಿಟ್ಟನ್ನು ಹೇಗೆ ಹದಮಾಡಬೇಕು, ಗೋಡೆಗೆ ಬಣ್ಣ ಬಳಿಯುವ ಮುನ್ನ ಯಾವ ಅಂಟು ಕುದಿಸಬೇಕು, ಗಾಳಕ್ಕೆ ಯಾವ ಎರೆ ಸಿಕ್ಕಿಸಿದರೆ ಯಾವ ಮೀನು ಬೀಳುತ್ತದೆ, ಆನೆಯನ್ನು ಹೇಗೆ ಹಿಡಿಯಬೇಕು, ದೇವರ ವಿಗ್ರಹವನ್ನು ಎರಕ ಹೊಯ್ಯುವುದು ಹೇಗೆ – ಇಂಥ ನೂರಾರು ಸಂಗತಿಗಳು ಅವನ ‘ಮಾನಸೋಲ್ಲಾಸ’ದಲ್ಲಿ ತುಂಬಿವೆ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಜಗತ್ತಿಗೆ ಪಾಠ ಹೇಳುವ ಪುಸ್ತಕ ಎಂಬರ್ಥದ ‘ಜಗದಾಚಾರ್ಯ ಪುಸ್ತಕ’ ಎಂಬ ಹೆಗ್ಗಳಿಕೆಯೂ ಇದಕ್ಕಿದೆ. ಸಣ್ಣ ಮಾತಲ್ಲ.

ಏನನ್ನಾದರೂ ಮಾಡುವುದು ಹೇಗೆ ಎಂದು ತಿಳಿಯಲು ಇಂದು ಯಾರೂ ಊರು ಸುತ್ತಬೇಕಾಗಿಲ್ಲ. ಮಿಕ್ಸಿ ಕೆಟ್ಟರೆ, ಮಾವಿನ ಗಿಡಕ್ಕೆ ಕಸಿ ಕಟ್ಟಬೇಕಾದರೆ, ಹೋಳಿಗೆಯ ಕಣಕ ಹದವಾಗದಿದ್ದರೆ, ಜೇಬಿನ ಮೊಬೈಲು ಹತ್ತು ದಾರಿ ತೋರಿಸುತ್ತದೆ. ಹತ್ತರಲ್ಲಿ ಯಾವುದು ಸರಿ ಎನ್ನುವುದೇ ತೊಡಕು. ಓದಲು ಚೆನ್ನಾಗಿದ್ದದ್ದು ಮಾಡಲು ಕೂತಾಗ ಕೈಕೊಡುತ್ತದೆ. ಒಂದು ಕೈಪಿಡಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಅದನ್ನು ಕಲ್ಯಾಣದ ಹೊತ್ತಗೆಗಳ ಮುಂದಿಟ್ಟು ನೋಡಿದರೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ. ಅವು ಒಂಬೈನೂರು ವರ್ಷ ಹಳೆಯವು. ಬರೆದವರನ್ನು ಕರೆದು ಅನುಮಾನ ಕೇಳುವಂತಿಲ್ಲ. ಕೈಪಿಡಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕೆಲಸ ಬಾರದವನ ಕೈಗೆ ಪುಸ್ತಕ ಕೊಟ್ಟು, ಬಲ್ಲವನು ಕೋಣೆಯಿಂದ ಹೊರಗೆ ಹೋಗಬೇಕು. ಆಮೇಲೆ ಏನಾಗುತ್ತದೆ?

ಮೊದಲು ಪುಸ್ತಕದ ಕಟ್ಟಡ. ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಒಟ್ಟು ನೂರು ಅಧ್ಯಾಯ, ಸುಮಾರು 8000 ಶ್ಲೋಕ. ರಾಜ್ಯ ಪಡೆಯುವುದು, ಅದನ್ನು ಭದ್ರಪಡಿಸುವುದು, ಆಮೇಲೆ ಉಪಭೋಗ, ವಿನೋದ, ಕ್ರೀಡೆ – ಇದು ಕ್ರಮ. ಜ್ಯೋತಿಷ ಗಣನೆಗೆ ಶಕ 1051, ಎಂದರೆ ಕ್ರಿ.ಶ. 1129ನ್ನು ಆಧಾರವಾಗಿ ಹಿಡಿದಿರುವುದರಿಂದ ರಚನೆಯ ಕಾಲವೂ ಅದರ ಆಸುಪಾಸು ಎನ್ನಬಹುದು. ನೋಡಲು ಬಹಳ ಅಚ್ಚುಕಟ್ಟಾದ ಚೌಕಟ್ಟು. ಆದರೆ ಈ ಚೌಕಟ್ಟು ಕೆಲಸಗಾರನ ಅಗತ್ಯವನ್ನು ನೋಡಿ ಹಾಕಿದ್ದಲ್ಲ, ದೊರೆಯ ದಿನಚರಿಯನ್ನು ನೋಡಿ ಹಾಕಿದ್ದು. ಎರಕದ ವಿದ್ಯೆಯನ್ನು ಹುಡುಕುವವನು ಲೋಹದ ಅಧ್ಯಾಯಕ್ಕೆ ಹೋದರೆ ಅಲ್ಲಿ ಸಿಗುವುದಿಲ್ಲ. ಅದಿರುವುದು ಮೊದಲ ವಿಂಶತಿಯಲ್ಲಿ, ದೇವತಾಭಕ್ತಿಯ ಪ್ರಸಂಗದಲ್ಲಿ. ರಾಜನಿಗೆ ದೈವಭಕ್ತಿ ಬೇಕು, ಭಕ್ತಿಗೆ ವಿಗ್ರಹ ಬೇಕು, ವಿಗ್ರಹಕ್ಕೆ ಎರಕ ಬೇಕು ಎಂಬುದು ತರ್ಕ. ಚಿತ್ರಕಲೆ ಇರುವುದು ಮೂರನೆಯ ವಿಂಶತಿಯ ಅರಮನೆಯ ಮಾತಿನ ನಡುವೆ. ಗೋಡೆ ಬಂದ ಮೇಲೆ ಅದರ ಮೇಲಿನ ಚಿತ್ರ. ಉಣ್ಣುವವನ ಕಡೆಯಿಂದ ನೋಡಿದರೆ ಎಲ್ಲವೂ ಸರಿಯಾದ ಜಾಗದಲ್ಲಿವೆ. ಬಡಿಸುವವನು ಮಾತ್ರ ತಡಕಾಡಬೇಕು.

ಪದ್ಯದ ಮಾತೂ ಇದೆ. ಓಲೆಗರಿ ದುರ್ಲಭವಾಗಿದ್ದ ಕಾಲದಲ್ಲಿ ಬಾಯಿಪಾಠಕ್ಕೆ ಒಗ್ಗುವ ಶ್ಲೋಕವೇ ಅನುಕೂಲ; ಅದನ್ನು ಇಂದಿನವರು ಹಳಿಯಬೇಕಾಗಿಲ್ಲ. ಆದರೂ ಛಂದಸ್ಸಿಗೆ ತನ್ನದೇ ಹಟವಿದೆ. ಒಂದು ಪಾದ ತುಂಬಲು ‘ಚೆನ್ನಾಗಿ’, ‘ಯತ್ನದಿಂದ’, ‘ಬಲ್ಲವನು’ ಎಂಬಂಥ ಮಾತುಗಳು ನುಸುಳುತ್ತವೆ. ಚೆನ್ನಾಗಿ ಎಂದರೆ ಎಷ್ಟು? ಬಲ್ಲವನಿಗೆ ಹೇಳುವುದಾದರೆ ಹೇಳುವುದಾದರೂ ಏಕೆ?

ಈ ದೋಷಗಳನ್ನೆಲ್ಲ ಮೀರಿದ ಭಾಗವೆಂದರೆ ಎರಕದ ವಿಧಾನ. ಇಪ್ಪತ್ತರಷ್ಟು ಶ್ಲೋಕಗಳಲ್ಲಿ ಒಂದು ಇಡೀ ಕಸುಬು ಅಡಗಿದೆ. ಮೊದಲು ಮೇಣದಲ್ಲಿ ವಿಗ್ರಹ ಮಾಡಬೇಕು. ಅದರ ಬೆನ್ನು, ಹೆಗಲು, ಕೊರಳು ಅಥವಾ ಕಿರೀಟದ ಕಡೆ ದತ್ತೂರಿ ಹೂವಿನಂಥ ಬಾಯುಳ್ಳ ನೀಳವಾದ ನಾಳಗಳನ್ನು ಕೂಡಿಸಬೇಕು. ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆದು ಮೂರು ಸಲ ಬಳಿಯಬೇಕು. ಮೊದಲ ಲೇಪ ತೀರ ತೆಳು. ಅದು ನೆರಳಿನಲ್ಲಿ ಒಣಗಬೇಕು. ಎರಡು ದಿನ ಬಿಟ್ಟು ಎರಡನೆಯದು. ಅದೂ ಒಣಗಿದ ಬಳಿಕ ಮೂರನೆಯದು, ದಪ್ಪವಾಗಿ. ಆಮೇಲೆ ಅಚ್ಚನ್ನು ಕಾಯಿಸಿ ಮೇಣವನ್ನು ಹರಿಸಿ ಬಿಡಬೇಕು. ಮೂಷೆಯಲ್ಲಿ ಕರಗಿದ ಲೋಹವನ್ನು ಧಾರೆ ಕಡಿಯದಂತೆ ನಾಳದ ಬಾಯಿ ತುಂಬುವವರೆಗೆ ಹೊಯ್ಯಬೇಕು. ತಾನಾಗಿ ತಣಿದ ಮೇಲೆ ಮಣ್ಣನ್ನು ಜೋಪಾನವಾಗಿ ಒಡೆಯಬೇಕು.

ಒಳ್ಳೆಯ ಕೈಪಿಡಿಯ ಲಕ್ಷಣಗಳೆಲ್ಲ ಇಲ್ಲಿವೆ. ಬೇಕಾದ ಸಾಮಗ್ರಿ, ಕೆಲಸದ ಸರದಿ, ನಡುವಿನ ಕಾಯುವಿಕೆ, ಮುಗಿಯಿತೆಂದು ತಿಳಿಯುವ ಗುರುತು. ನಾಳದ ಬಾಯಿ ಎಂಥದ್ದೆಂದು ವಿವರಿಸುವ ಬದಲು ದತ್ತೂರಿ ಹೂವನ್ನು ತೋರಿಸಿಬಿಡುವುದು ಚಿತ್ರ ಬರೆಯದೆಯೇ ಚಿತ್ರ ಕೊಡುವ ಉಪಾಯ. ಆ ಹೂವನ್ನು ಕಾಣದವರು ಆಗ ಯಾರೂ ಇರಲಿಲ್ಲ. ಕೊರತೆಯೆಂದರೆ ಕಾರಣಗಳದ್ದು. ನೆರಳಿನಲ್ಲೇ ಏಕೆ ಒಣಗಿಸಬೇಕು? ಬಿಸಿಲಿಗಿಟ್ಟರೆ ಒಳಗಿನ ಮೇಣ ಮೆತ್ತಗಾಗುತ್ತದೆ, ಮಣ್ಣು ಬೇಗ ಒಣಗಿ ಬಿರಿಯುತ್ತದೆ. ಹೊಟ್ಟು, ಹತ್ತಿ ಏಕೆ? ಮಣ್ಣು ಬಿಗಿಯಾಗಿ ಹಿಡಿದುಕೊಳ್ಳಲೂ ಬೇಕು, ಲೋಹ ಹೊಯ್ಯುವಾಗ ಗಾಳಿ ಹೊರಬೀಳಲು ಎಡೆಯೂ ಬೇಕು. ಇಷ್ಟು ತಿಳಿದವನು ಮಳೆಗಾಲದಲ್ಲಿ ಎರಡು ದಿನದ ಬದಲು ನಾಲ್ಕು ದಿನ ಕಾಯುತ್ತಾನೆ. ತಿಳಿಯದವನು ಎರಡನೆಯ ದಿನಕ್ಕೇ ಹಸಿ ಮಣ್ಣಿನ ಮೇಲೆ ಮಣ್ಣು ಮೆತ್ತುತ್ತಾನೆ.

ಇನ್ನು ತೂಕ. ವಿಗ್ರಹದ ಮೇಣವನ್ನು ತೂಗಿ, ಹಿತ್ತಾಳೆ ಅಥವಾ ತಾಮ್ರವಾದರೆ ಅದರ ಹತ್ತು ಪಟ್ಟು, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ತೆಗೆದುಕೊಳ್ಳಬೇಕು ಎನ್ನುತ್ತದೆ ಗ್ರಂಥ. ಇದನ್ನು ಕುಲುಮೆ ಹೂಡದೆಯೇ ಪರೀಕ್ಷಿಸಬಹುದು. ಜೇನುಮೇಣ ನೀರಿಗಿಂತ ತುಸು ಹಗುರ. ತಾಮ್ರ ನೀರಿನ ಸುಮಾರು 9 ಪಟ್ಟು, ಹಿತ್ತಾಳೆ ಎಂಟೂವರೆ ಪಟ್ಟು, ಬೆಳ್ಳಿ ಹತ್ತೂವರೆ ಪಟ್ಟು ತೂಕ. ಲೆಕ್ಕ ಹಾಕಿದರೆ ಒಂದು ತೂಕ ಮೇಣದ ಜಾಗ ತುಂಬಲು ಒಂಬತ್ತೂಕಾಲು ತೂಕ ತಾಮ್ರ ಅಥವಾ ಹನ್ನೊಂದು ತೂಕ ಬೆಳ್ಳಿ ಸಾಕು. ಗ್ರಂಥದ ಹತ್ತು, ಹನ್ನೆರಡು ಎಂಬ ಅಂಕಿಗಳು ಅದಕ್ಕೆ ಸರಿಹೊಂದಿ, ಚೆಲ್ಲುವುದಕ್ಕೂ ಮೂಷೆಗೆ ಅಂಟುವುದಕ್ಕೂ ಸ್ವಲ್ಪ ಉಳಿಯುತ್ತದೆ. ತಕ್ಕಡಿ ಹಿಡಿದವನೊಬ್ಬ ಹೇಳಿದ ಮಾತೇ ಇದು, ಸಂಶಯವಿಲ್ಲ. ಚಿನ್ನದ ಅಂಕಿ ಮಾತ್ರ ಯೋಚನೆಗೆ ಹಚ್ಚುತ್ತದೆ. ಅಪರಂಜಿ ನೀರಿನ 19 ಪಟ್ಟಿಗೂ ಹೆಚ್ಚು ಭಾರ. ಮೇಣದ ಇಪ್ಪತ್ತು ಪಟ್ಟು ಬೇಕು. ಹದಿನಾರು ಪಟ್ಟನ್ನು ನಂಬಿ ಹೊಯ್ದರೆ ವಿಗ್ರಹ ಅರ್ಧಕ್ಕೇ ನಿಲ್ಲದಿದ್ದರೂ ತಲೆಯೋ ಪಾದವೋ ಮೊಂಡಾಗುತ್ತದೆ. ನಾಲ್ಕನೆಯ ಒಂದು ಪಾಲು ಬೆರಕೆಯಿದ್ದ ಚಿನ್ನಕ್ಕಾದರೆ ಹದಿನಾರು ಸರಿಯಾಗುತ್ತದೆ. ದೇವರ ವಿಗ್ರಹಕ್ಕೆ ಬೆರಕೆ ಚಿನ್ನವೇ ಬಳಕೆಯಲ್ಲಿತ್ತೋ, ಗಟ್ಟಿ ಚಿನ್ನದ ಎರಕ ಅಪರೂಪವಾದ್ದರಿಂದ ಅಂಕಿ ಊಹೆಯದ್ದೋ! ತಾಮ್ರಕ್ಕೆ ಎಂಟು ಪಟ್ಟು ಎಂದು ಹೇಳುವ ವಿದ್ವಾಂಸರ ಅನುವಾದಗಳೂ ಉಂಟು. ಎಂಟಾದರೆ ಲೋಹ ಸಾಲದು. ಅಂಕಿಗಳನ್ನು ಅಕ್ಷರದಲ್ಲಿ, ಅದೂ ಛಂದಸ್ಸಿನಲ್ಲಿ ಹೇಳುವ ಗ್ರಂಥಕ್ಕೆ ಲಿಪಿಕಾರನ ಒಂದು ತಪ್ಪು ಎಷ್ಟು ದುಬಾರಿಯಾದೀತು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇದೇ ಪುಸ್ತಕದ ಅಡುಗೆಮನೆಗೆ ಬಂದರೆ ಧ್ವನಿಯೇ ಬೇರೆ. ಅಳತೆ ಇಲ್ಲವೆಂದಲ್ಲ; ಎರಕದಷ್ಟು ಬಿಗಿಯಿಲ್ಲ. ಚಿನ್ನ ಸಾಲದಿದ್ದರೆ ನಡುವೆ ಸೇರಿಸಲು ಬರುವುದಿಲ್ಲ, ಉಪ್ಪು ಸಾಲದಿದ್ದರೆ ಸೇರಿಸಬಹುದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ಭಾಗದ ಹೆಸರೇ ಉಪಭೋಗ. ತಿನ್ನುವವನಿಗೆ ತಿಂಡಿ ಹೇಗಿರಬೇಕೆಂಬುದು ಮುಖ್ಯ. ಅಲ್ಲಿ ‘ಇಡ್ಡರಿಕಾ’ ಇದೆ, ‘ದೋಸಕ’ ಇದೆ, ವಡೆ ಇದೆ, ಪೂರಿಕೆ ಇದೆ. ಗದ್ದೆಯಲ್ಲಿ ಹಿಡಿದ ಇಲಿಯನ್ನು ಕಾದ ಎಣ್ಣೆಗೆ ಹಾಕಿ ಕೂದಲು ತೆಗೆದು ಹದಮಾಡುವ ವಿಧಾನವೂ ಇದೆ. ಅಪರಿಚಿತವಾದ ಇಲಿಗೆ ಹೆಜ್ಜೆ ಹೆಜ್ಜೆಯ ವಿವರ ಸಿಕ್ಕಿ, ದಿನವೂ ಮಾಡುವ ಉದ್ದಿನ ಹಿಟ್ಟಿಗೆ ನಾಲ್ಕು ಮಾತು ಸಿಕ್ಕಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಬರೆಯುವುದಿಲ್ಲ.

ಈ ಬರೆಯದಿರುವಿಕೆ ಮುಂದೆ ಏನೇನು ಮಾಡಿತು ಎಂಬುದಕ್ಕೆ ಇಡ್ಲಿಯ ಕತೆಯೇ ಸಾಕ್ಷಿ. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರಷ್ಟೇ ಬರುತ್ತದೆ. ಮಾಡುವ ಬಗೆ ಮೊದಲು ಸಿಗುವುದು ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, ಸುಮಾರು 1025ರಲ್ಲಿ. ಈತ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಗಂಗರ ಮಂತ್ರಿಯಲ್ಲ. ಚಾಲುಕ್ಯ ಜಯಸಿಂಹನ ಕಾಲದ ಬೇರೊಬ್ಬ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ನುಣ್ಣಗೆ ರುಬ್ಬಬೇಕು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು ಎನ್ನುತ್ತಾನೆ. ನೂರು ವರ್ಷದ ಮೇಲೆ ಸೋಮೇಶ್ವರನ ಇಡ್ಡರಿಕೆಯೂ ಬರೀ ಉದ್ದಿನದೇ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ ಇವುಗಳನ್ನು ಓದಿ ಮೂರು ಕೊರತೆ ಎತ್ತಿ ತೋರಿಸಿದರು: ಅಕ್ಕಿಯ ಮಾತಿಲ್ಲ, ರಾತ್ರಿಯೆಲ್ಲ ಹುದುಗಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಮಾತಿಲ್ಲ. ಆದ್ದರಿಂದ ಇಂದಿನ ಇಡ್ಲಿಯ ವಿದ್ಯೆ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದು ಎಂದು ಅವರು ಊಹಿಸಿದರು. ಅಂದಿನಿಂದ ಇಡ್ಲಿ ನಮ್ಮದೋ ಅಲ್ಲವೋ ಎಂಬ ಜಗಳ ನಿಂತಿಲ್ಲ.

ಅಕ್ಕಿಯ ವಿಷಯದಲ್ಲಿ ಅಚ್ಚಯನವರ ಮಾತು ಸರಿ. ಸಾಮಗ್ರಿಯ ಪಟ್ಟಿಯಲ್ಲಿ ಅಕ್ಕಿಯಿದ್ದರೆ ಅದನ್ನು ಮರೆಯುವುದು ಕಷ್ಟ. ಹುದುಗಿನ ವಿಷಯ ಅಷ್ಟು ಸುಲಭವಲ್ಲ. ಮಜ್ಜಿಗೆಯಲ್ಲಿ ನೆನೆಸಿ, ಮೊಸರಿನ ತಿಳಿ ಬೆರೆಸಿದ ಉದ್ದಿನ ಹಿಟ್ಟು ಬೀದರ್ ಸೀಮೆಯ ಬೇಸಿಗೆಯಲ್ಲಿ ಸುಮ್ಮನೆ ಕೂರುವ ವಸ್ತುವಲ್ಲ. ಯಾವ ಗೃಹಿಣಿಯನ್ನು ಕೇಳಿದರೂ ಹೇಳಿಯಾಳು. ಚಾವುಂಡರಾಯ ಹುದುಗನ್ನು ಹೇಳಲಿಲ್ಲ ಎಂಬುದಕ್ಕೂ ಹುದುಗು ಬರುತ್ತಿರಲಿಲ್ಲ ಎಂಬುದಕ್ಕೂ ನಡುವೆ ಒಂದು ರಾತ್ರಿಯ ಅಂತರವಿದೆ. ಹಿಟ್ಟನ್ನು ರುಬ್ಬಿದ ತಕ್ಷಣ ಬೇಯಿಸಿದರೋ ಬೆಳಗಿನವರೆಗೆ ಇಟ್ಟರೋ ಎಂಬ ಒಂದು ಕ್ರಿಯಾಪದ ಬಿಟ್ಟುಹೋದದ್ದರಿಂದ ಒಂದು ನಾಡಿನ ಊಟದ ಚರಿತ್ರೆ ಎರಡು ದಾರಿ ಹಿಡಿದಿದೆ.

ಇದಕ್ಕೆ ಎದುರಾಗಿ ಮಂಡಿಗೆಯನ್ನು ನೋಡಬಹುದು. ಸೋಮೇಶ್ವರ ಹೇಳುವ ‘ಮಂಡಕ’ಕ್ಕೆ ಗೋಧಿಯನ್ನು ತೊಳೆದು ಒಣಗಿಸಿ ಬೀಸಿ ಜರಡಿ ಹಿಡಿಯಬೇಕು, ತುಪ್ಪ, ಉಪ್ಪು ಹಾಕಿ ನಾದಿ, ಉಂಡೆಯನ್ನು ಕೈಯಲ್ಲೇ ಹಿಗ್ಗಿಸಿ ಕಾದ ಮಣ್ಣಿನ ಕಪ್ಪರದ ಮೇಲೆ ಹಾಕಬೇಕು. ಹಿಗ್ಗಿಸುವುದು ಹೇಗೆಂದು ಓದಿ ತಿಳಿದವರಿಲ್ಲ. ಆದರೆ ಬೆಳಗಾವಿಯಲ್ಲಿ ಮಂಡಿಗೆ ಮಾಡುವವರು ಇಂದಿಗೂ ಕಣಕವನ್ನು ಎರಡು ಕೈಗಳ ಮೇಲೆ ತೂಗಾಡಿಸುತ್ತ ಸೀರೆಯ ಸೆರಗಿನಷ್ಟು ತೆಳ್ಳಗೆ ಹಿಗ್ಗಿಸಿ ಬೋರಲು ಪಾತ್ರೆಯ ಮೇಲೆ ಬೀಸಿ ಹಾಕುತ್ತಾರೆ. ಅಲ್ಲಿ ಐದು ನಿಮಿಷ ನಿಂತರೆ ಶ್ಲೋಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೈ ಉಳಿದ ಕಡೆ ಪುಸ್ತಕಕ್ಕೆ ಬಾಯಿ ಇದೆ. ಇಡ್ಡರಿಕೆಯ ಕೈ ನಡುವೆ ಎಲ್ಲೋ ಬದಲಾಯಿತು, ಪುಸ್ತಕ ಮೂಕವಾಯಿತು.

ಲೋಕೋಪಕಾರದ ಮಾತು ಬಂತಲ್ಲ, ಅದರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಪುಸ್ತಕದ ಹೆಸರೇ ಅದರ ಉದ್ದೇಶ. ಹನ್ನೆರಡು ಅಧ್ಯಾಯ, ಪಂಚಾಂಗ, ವಾಸ್ತು, ನೆಲದಡಿಯ ನೀರು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರ ವೈದ್ಯ, ಪಶುಗಳ ಲಕ್ಷಣ, ವಿಷವೈದ್ಯ, ಶಕುನ ಹೀಗೆ ಮನೆಗೂ ಹೊಲಕ್ಕೂ ಬೇಕಾದದ್ದೆಲ್ಲ ಉಂಟು. ಎಲ್ಲಕ್ಕಿಂತ ದೊಡ್ಡ ಸಂಗತಿ, ಅದು ಕನ್ನಡದಲ್ಲಿದೆ. ಮಾನಸೋಲ್ಲಾಸದ ವಿಸ್ತಾರ ಇದಕ್ಕಿಲ್ಲ, ಸೊಗಸೂ ಕಡಿಮೆ. ಆದರೆ ಓದುಗ ಯಾರು ಎಂಬ ಪ್ರಶ್ನೆಗೆ ಚಾವುಂಡರಾಯನ ಉತ್ತರ ಸೋಮೇಶ್ವರನದಕ್ಕಿಂತ ನೇರ. ಕುಲುಮೆಯ ಮುಂದೆ ಕೂತವನಿಗೆ ಸಂಸ್ಕೃತ ಬಾರದಿದ್ದರೆ ಹತ್ತು ಪಟ್ಟಿನ ಲೆಕ್ಕ ಎಷ್ಟು ಖಚಿತವಾಗಿದ್ದರೇನು? ಕೈಪಿಡಿಯ ಮೊದಲ ವಿನ್ಯಾಸವೇ ಅದರ ಭಾಷೆ.

ಆದರೂ ಲೋಕೋಪಕಾರವನ್ನು ಕುರುಡಾಗಿ ನಂಬುವಂತಿಲ್ಲ. ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳು ಆಳದಲ್ಲಿ ನೀರು ಎಂಬ ಅದರ ಸೂಚನೆಗಳು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ದಾರಿ ಹಿಡಿದವು. ಹುತ್ತಕ್ಕೂ ನೆಲದ ತೇವಕ್ಕೂ ನಂಟಿದೆ ಎಂಬುದನ್ನು ಈ ಕಾಲದ ಭೂವಿಜ್ಞಾನಿಗಳೂ ತಳ್ಳಿಹಾಕುವುದಿಲ್ಲ. ತೊಡಕಿರುವುದು ಬೇರೆ ಕಡೆ. ಉಜ್ಜಯಿನಿಯ ಕಡೆಯ ನೆಲವನ್ನು ನೋಡಿ ಹೇಳಿದ ಲೆಕ್ಕ ಬೀದರ್, ಹುಮನಾಬಾದಿನ ಜಂಬಿಟ್ಟಿಗೆ ಕಲ್ಲಿನ ಹಾಸಿಗೆಗೆ ಹಾಗೆ ಹಾಗೇ ಹೊಂದೀತೇ? ಇಲ್ಲಿ ಜಂಬಿಟ್ಟಿಗೆ ನೀರನ್ನು ಕೆಳಗೆ ಬಿಡುತ್ತದೆ, ಅದರಡಿಯ ಕಪ್ಪು ಬಂಡೆ ತಡೆಯುತ್ತದೆ. ಎರಡೂ ಕೂಡುವ ಗೆರೆಯಲ್ಲಿ ನೀರು. ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಸುರಂಗ ಕಾಲುವೆ ತೋಡಿದವರು ಈ ಗೆರೆಯನ್ನೇ ಹಿಡಿದು ಹೋದರು. ಆ ಕಾಲುವೆ ಇಂದಿಗೂ ಕಣ್ಣೆದುರಿಗಿದೆ. ಇನ್ನೊಂದು ನೆಲದ ಪಾಠವನ್ನು ನಕಲು ಮಾಡುವ ಚಾಳಿ ಕೈಪಿಡಿಗಳಿಗೆ ಅಂದೂ ಇತ್ತು, ಇಂದೂ ಇದೆ.

ನಿಜದ ಜೊತೆ ಸುದ್ದಿ ಬೆರೆಯುವುದೂ ಹಾಗೆಯೇ. ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ಬರೆದ ‘ಗೋವೈದ್ಯ’ ಕನ್ನಡದ ಮೊದಲ ಪಶುವೈದ್ಯ ಗ್ರಂಥ. ಅದರಲ್ಲಿ ಮದ್ದಿನ ಪಕ್ಕದಲ್ಲೇ ಮಂತ್ರವೂ ಇದೆ, ಎರಡಕ್ಕೂ ಒಂದೇ ಧ್ವನಿ. ಇದು ನಮ್ಮವರದ್ದೇ ದೋಷ ಎಂದು ಕುಗ್ಗಬೇಕಾಗಿಲ್ಲ. ಹೆಚ್ಚುಕಡಿಮೆ ಸೋಮೇಶ್ವರನ ಸಮಕಾಲೀನನಾಗಿ ಜರ್ಮನಿಯಲ್ಲಿ ಥಿಯೋಫಿಲಸ್ ಎಂಬ ಹೆಸರಿನ ಸಂನ್ಯಾಸಿಯೊಬ್ಬ ಬಣ್ಣ, ಗಾಜು, ಲೋಹಗಳ ಕಸುಬಿನ ಬಗ್ಗೆ ಮೂರು ಭಾಗದ ಗ್ರಂಥ ಬರೆದ. ಸ್ವತಃ ಕಸುಬು ಬಲ್ಲವನು. ಗಂಟೆ ಎರಕ ಹೊಯ್ಯುವುದನ್ನು ಅವನಷ್ಟು ವಿವರವಾಗಿ ಹೇಳಿದವರು ಆ ಕಾಲದಲ್ಲಿಲ್ಲ. ಅದೇ ಪುಸ್ತಕದಲ್ಲಿ ‘ಸ್ಪೇನಿನ ಚಿನ್ನ’ ಮಾಡಲು ಹುಂಜ ಇಟ್ಟ ಮೊಟ್ಟೆಗೆ ಕಪ್ಪೆಯಿಂದ ಕಾವು ಕೊಡಿಸಿ, ಹುಟ್ಟಿದ ವಿಚಿತ್ರ ಪ್ರಾಣಿಯನ್ನು ಸುಟ್ಟು, ಬೂದಿಗೆ ಕೆಂಗೂದಲಿನವನ ರಕ್ತ ಬೆರೆಸಬೇಕೆಂಬ ವಿಧಿಯೂ ಇದೆ! ತಾನು ಮಾಡಿ ನೋಡಿದ್ದಕ್ಕೂ ಕೇಳಿದ್ದಕ್ಕೂ ಅವನು ಗೆರೆ ಎಳೆದಿಲ್ಲ. ಓದುವವನೇ ಎಳೆದುಕೊಳ್ಳಬೇಕು. ಅದಕ್ಕೊಂದು ಗುರುತು, ತಪ್ಪಬಹುದಾದ ಜಾಗವನ್ನು ತೋರಿಸುವ ವಿವರ. ಧಾರೆ ಕಡಿಯದಂತೆ ಹೊಯ್ಯಿ ಎನ್ನುವವನು ಧಾರೆ ಕಡಿದು ಕೆಟ್ಟದ್ದನ್ನು ನೋಡಿರುತ್ತಾನೆ.

ಮಾನಸೋಲ್ಲಾಸಕ್ಕೆ ಇಂಥ ಪರೀಕ್ಷೆ ನಿಜವಾಗಿ ನಡೆದದ್ದೂ ಉಂಟು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅದರ ಮೂರು ಸಂಪುಟಗಳು 1925, 1939 ಮತ್ತು 1961ರಲ್ಲಿ ಅಚ್ಚಾದವು. ಎರಡನೆಯದು ಹೊರಬಂದ ಮೇಲೆ, 1951ರಲ್ಲಿ, ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಮತ್ಸ್ಯವಿನೋದದ ಅಧ್ಯಾಯವನ್ನು ಕೈಗೆತ್ತಿಕೊಂಡರು. ಅಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರು, ಅವು ಹೊಳೆಯವೋ ಕಡಲಿನವೋ ಎಂಬ ವಿಂಗಡಣೆ, ಅವಕ್ಕೆ ಹಾಕುವ ಎರೆ, ಗಾಳದ ದಾರ ಎಲ್ಲ ಇವೆ. ಹೋರಾ ಅವರಿಗೆ ಸಂಸ್ಕೃತಕ್ಕಿಂತ ಮೀನು ಚೆನ್ನಾಗಿ ಗೊತ್ತಿತ್ತು. ಶ್ಲೋಕಗಳ ವರ್ಣನೆಯನ್ನು ನೀರಿನಲ್ಲಿರುವ ಮೀನಿಗೆ ಹೋಲಿಸಿ, ದೊರೆಯ ಮಾತಿನಲ್ಲಿ ನಿಜವಾದ ಬೇಟೆಗಾರನ ಅನುಭವವಿದೆಯೆಂದು ಅವರು ಗುರುತಿಸಿದರು. ಪಂಡಿತರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಪಾಠಕ್ಕೆ ಬೆಲೆ ಕಟ್ಟಲು ಕೊನೆಗೆ ಮೀನು ಬಲ್ಲವನೇ ಬೇಕಾದ.

ಇಲ್ಲಿ ಕಲ್ಯಾಣದ ಚರಿತ್ರೆಯ ಒಂದು ವಿಚಿತ್ರವನ್ನು ಗಮನಿಸಬೇಕು. ಸೋಮೇಶ್ವರ ತೀರಿಕೊಂಡದ್ದು 1138ರಲ್ಲಿ. ಮೂವತ್ತು ವರ್ಷ ತುಂಬುವ ಮೊದಲೇ, ಬಿಜ್ಜಳನ ಕಾಲಕ್ಕೆ, ಅದೇ ಊರಿನಲ್ಲಿ ಕಸುಬುದಾರರೇ ಬರೆಯತೊಡಗಿದರು. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ನೂಲುವ ಕದಿರ ರೆಮ್ಮವ್ವೆ. ಕೈಯಲ್ಲಿ ವಿದ್ಯೆಯಿದ್ದವರು, ಬಾಯಲ್ಲಿ ಕನ್ನಡವಿದ್ದವರು, ಬರೆಯಲು ಅಂಜದವರು. ಕೈಪಿಡಿ ಬರೆಯಲು ಇವರಿಗಿಂತ ಅರ್ಹರು ಯಾರಿದ್ದರು? ಅವರು ಬರೆಯಲಿಲ್ಲ. ರೆಮ್ಮವ್ವೆಯ ವಚನದಲ್ಲಿ ರಾಟೆಯ ಅಂಗಾಂಗಗಳೆಲ್ಲ ಬರುತ್ತವೆ, ನೂಲುವುದನ್ನು ಮಾತ್ರ ಅದರಿಂದ ಕಲಿಯಲಾಗದು. ರಾಟೆ ಅವಳಿಗೆ ದೇವರ ಮಾತಾಡಲು ಸಿಕ್ಕ ಭಾಷೆ. ನೂಲುವುದನ್ನು ಕಲಿಸಲು ಮಗಳು ಪಕ್ಕದಲ್ಲೇ ಕೂತಿರುವಾಗ ಅದನ್ನು ಓಲೆಗೆ ಹತ್ತಿಸುವ ಅಗತ್ಯ ಯಾರಿಗಿತ್ತು? ಹೀಗೆ ಮಾಡಬಲ್ಲವರು ಮಾಡುವ ಬಗೆಯನ್ನು ಬರೆಯಲಿಲ್ಲ, ಬರೆದವನು ಮಾಡಬೇಕಾದವನಾಗಿರಲಿಲ್ಲ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ದಿದರೋ ತನ್ನ ವಿಶ್ವಕೋಶಕ್ಕಾಗಿ ಕಸುಬುಗಳ ವಿವರ ಕೂಡಿಸುವಾಗ ಎದುರಿಸಿದ್ದೂ ಇದೇ ಕಂದಕವನ್ನು. ತಮ್ಮ ಉಪಕರಣಗಳ ಬಗ್ಗೆ ಸ್ಪಷ್ಟವಾಗಿ ಹೇಳಬಲ್ಲ ಕೆಲಸಗಾರರು ಸಾವಿರಕ್ಕೆ ಹನ್ನೆರಡು ಮಂದಿ ಸಿಕ್ಕರೆ ಹೆಚ್ಚು ಎಂದು ಅವನು 1750ರಲ್ಲೇ ದೂರಿಕೊಂಡ. ಮಾತಿನಿಂದ ಆಗದ್ದನ್ನು ಚಿತ್ರದಿಂದ ಮಾಡಲು ಹೊರಟು, ಹನ್ನೊಂದು ಸಂಪುಟಗಳಷ್ಟು ಚಿತ್ರಫಲಕಗಳನ್ನು ಅಚ್ಚು ಹಾಕಿಸಿದ. ಇಂದಿನ ವಿಡಿಯೊಗಳು ಆ ಫಲಕಗಳ ಮೊಮ್ಮಕ್ಕಳು. ಮಂಡಿಗೆಯ ಕಣಕ ಹಿಗ್ಗುವುದನ್ನು ಅವು ತೋರಿಸಬಲ್ಲವು. ಶ್ಲೋಕಕ್ಕೆ ಆಗದ್ದು ಅವುಗಳಿಂದ ಆಗುತ್ತದೆ, ನಿಜ. ಕಣಕ ಎಷ್ಟು ಮೆತ್ತಗಿತ್ತೆಂಬುದು ಪರದೆಯ ಆಚೆಗೇ ಉಳಿಯುತ್ತದೆ.

ಬಸವಕಲ್ಯಾಣದ ಜಿಲ್ಲಾ ಕೇಂದ್ರವಾದ ಬೀದರಿನ ಓಣಿಗಳಲ್ಲಿ ಇದರ ಜೀವಂತ ನಿದರ್ಶನವಿದೆ. ಬಿದರಿ ಕೆಲಸಕ್ಕೆ ಸತುವಿನ ಪಾಲು ಬಹಳ, ತಾಮ್ರದ ಪಾಲು ಕಡಿಮೆ. ಎರಕ, ಕೊರೆತ, ಬೆಳ್ಳಿ ಕೂರಿಸುವುದು ಎಲ್ಲವನ್ನೂ ಈಗ ಪುಸ್ತಕಗಳಲ್ಲಿ ಓದಬಹುದು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಅದ್ದಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹುಕಾಲ ಬಿಸಿಲು ಮಳೆ ತಾಗದ ಮೂಲೆಯ ಮಣ್ಣೇ ಆಗಬೇಕು. ಅದರಲ್ಲಿರುವ ಲವಣಗಳೇ ಆ ಗುಣಕ್ಕೆ ಕಾರಣ ಎನ್ನುತ್ತಾರೆ ರಸಾಯನ ಬಲ್ಲವರು. ಕೋಟೆಯ ಎಲ್ಲ ಮಣ್ಣೂ ಆಗಿಬರುವುದಿಲ್ಲ. ಯಾವುದು ಆದೀತೆಂದು ಕುಶಲಕರ್ಮಿಗಳು ಕಂಡುಕೊಳ್ಳುವುದು ನಾಲಿಗೆಯಿಂದ. ಹಿರಿಯನು ಒಂದು ಚಿಟಿಕೆ ಮಣ್ಣನ್ನು ತಾನು ಬಾಯಿಗೆ ಹಾಕಿ ನೋಡುತ್ತಾನೆ. ಇನ್ನೊಂದು ಚಿಟಿಕೆಯನ್ನು ಕಲಿಯಲು ಬಂದ ಹುಡುಗನ ಅಂಗೈಗೆ ಹಾಕುತ್ತಾನೆ.